ದೊಡ್ಡಮ್ಮನ ಉಗ್ರಾಣ ಬಾಗಿಲು ತೆರೆದ ಆಟಿ

ನನ್ನ ದೊಡ್ಡಮ್ಮನ ವಿಷಯದಲ್ಲಿ ಒಂದು ಮಾತನ್ನು ನಾನು ಯಾರ ಎದುರು ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಬಂಟ್ವಾಳಕ್ಕೆ ಯಾವುದಾದರೂ ಶತ್ರು ಸೈನ್ಯ ಬಂದು ಮುತ್ತಿಗೆ ಹಾಕಿದ್ದರೆ, ಊರಿನವರೆಲ್ಲ ಕೈ ಎತ್ತಿದ ಮೇಲೂ ಆಕೆಯ ಮನೆಯೊಂದು ಸೋಲುತ್ತಿರಲಿಲ್ಲ! ಸೈನಿಕರು ಹೊರಗೆ ಹಸಿದು ಕುಳಿತಿರುತ್ತಿದ್ದರು, ದೊಡ್ಡಮ್ಮ ಒಳಗೆ ಹಲಸಿನ ಹಪ್ಪಳ ಸುಡುತ್ತಿದ್ದಳು. ಆ ವಾಸನೆಗೇ ಅರ್ಧ ಸೈನ್ಯ ಶರಣಾಗುತ್ತಿತ್ತು. ಉಳಿದರ್ಧವನ್ನು ಆಕೆ ಬೈದು ಓಡಿಸುತ್ತಿದ್ದಳು.

ಆಕೆ ನನ್ನ ಅಮ್ಮನ ಅಕ್ಕ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಂಟ್ವಾಳ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಂಚಿನ ಮನೆ, ಅದರಲ್ಲಿ ಆಕೆ ಒಬ್ಬಳು. ಹೈಸ್ಕೂಲು ಮುಗಿಸಿದ ನಾನು ಅಲ್ಲಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತನಾದ ಮೇಲೆ ಇಬ್ಬರಾದೆವು. ವಾರವಿಡೀ ಆಕೆಯ ಮನೆಯಲ್ಲಿ ಊಟ, ನಿದ್ರೆ. ಶನಿವಾರ ಸಂಜೆ ಅಳದಂಗಡಿಯ ಬಳಿ ನನ್ನ ಅಮ್ಮನ ಮನೆಗೆ.

ಇಬ್ಬರ ಮನೆಗೆ ಎಷ್ಟು ಸಾಮಾನು ಬೇಕು? ನೀವೇ ಹೇಳಿ! ದೊಡ್ಡಮ್ಮ ಮಾತ್ರ ಬೇಸಿಗೆಯ ವಿಷು ಹಬ್ಬ ಕಳೆದ ಮರುದಿನದಿಂದ ಮಳೆಗಾಲಕ್ಕೆ ಉಗ್ರಾಣ ತುಂಬಿಸಲು ಟೊಂಕ ಕಟ್ಟಿ ನಿಲ್ಲುತ್ತಿದ್ದಳು. ಅಕ್ಕಿಯ ಮುಡಿಗಳು ಅಟ್ಟ ಏರುತ್ತಿದ್ದವು. ಉಪ್ಪು ನೀರಿನಲ್ಲಿ ಹಲಸಿನ ಸೊಳೆ, ಮಾವಿನ ಮಿಡಿ. ಡಬ್ಬಗಳಲ್ಲಿ ಹುರುಳಿ, ಹೆಸರು, ಕೊತ್ತಂಬರಿ. ಒಣಗಿಸಿದ ಪುನರ್ಪುಳಿ ಸಿಪ್ಪೆ, ಉಂಡೆ ಕಟ್ಟಿದ ಹುಣಸೆಹುಳಿ, ಬೂದಿ ಸವರಿ ಒಣಗಿಸಿದ ಹಲಸಿನ ಬೀಜ. ಒಣಮೀನಿಗೆ ಪ್ರತ್ಯೇಕ ಕೋಣೆಯೇ ಇತ್ತು. ಆ ಕೋಣೆಯ ಪಕ್ಕದಲ್ಲಿ ನನ್ನ ಹಾಸಿಗೆ! ಮಿಲ್ಲಿನಲ್ಲಿ ಬೆಕ್ಕುಗಳೆಲ್ಲ ನನ್ನ ಮೇಜಿನ ಕೆಳಗೇ ಯಾಕೆ ಮಲಗುತ್ತವೆ ಎಂದು ಯಜಮಾನರು ಕೇಳಿದಾಗ ನಾನು ಲೆಕ್ಕದ ಪುಸ್ತಕದಲ್ಲಿ ತಲೆ ಹುದುಗಿಸಿದೆ.

ಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ದೊಡ್ಡ ಉಂಡೆ. ನೋಡಲು ಎಲ್ಲವೂ ಒಂದೇ. ದೊಡ್ಡಮ್ಮ ಅವುಗಳಿಗೆ ನೆಂಟರ ಹೆಸರಿಟ್ಟು ಗುರುತು ಇಟ್ಟುಕೊಳ್ಳುತ್ತಿದ್ದಳು.

"ಇದು ಬೆಳ್ತಂಗಡಿಯ ಭಾವ. ಹೊರಗಿನಿಂದ ಮಾತ್ರ ಗಟ್ಟಿ. ಒಳಗೆ ಬರೇ ನುಚ್ಚು."

"ಆ ಮೂಲೆಯದ್ದು ಯಾರು ದೊಡ್ಡಮ್ಮ?"

"ಅದು ನಿನ್ನ ಅಪ್ಪ. ಕೂರಿಸಿದಲ್ಲಿ ಕೂತಿದೆ, ತೊಂದರೆ ಇಲ್ಲ."

"ನಾನು ಯಾವುದು?"

"ನೀನು ಇನ್ನೂ ಗದ್ದೆಯಲ್ಲಿದ್ದಿ ಮಗಾ. ಭತ್ತ ಆಗಲಿ, ಮತ್ತೆ ನೋಡುವ."

ಪೇಟೆಯಲ್ಲಿ ಆಕೆ ಎಲ್ಲರಿಗೂ ದೊಡ್ಡಕ್ಕ. ಮೆಣಸಿನ ಬ್ಯಾರಿಯ ಅಂಗಡಿಗೆ ಹೋದರೆ ಗೋಣಿಯ ಮೇಲಿನ ಮೆಣಸನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದನ್ನು ಎಳೆದು, ಮುರಿದು, ಬಾಯಿಗೆ ಹಾಕಿ ಅಗಿಯುತ್ತಿದ್ದಳು. ಕಣ್ಣಲ್ಲಿ ಧಾರೆ ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

"ಖಾರ ಉಂಟಲ್ಲ ದೊಡ್ಡಕ್ಕಾ?" ಎಂದು ಬ್ಯಾರಿ ಕೇಳಿದರೆ, "ಖಾರವಾ? ಕಳೆದ ವರ್ಷದ್ದು ಇದಕ್ಕೆ ಅಜ್ಜ" ಎನ್ನುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.

"ಆದರೂ ಇಷ್ಟು ಮೆಣಸು ನಿಮಗೊಬ್ಬರಿಗೆ ಯಾಕೆ? ಮನೆಯಲ್ಲಿ ಯಾರಿದ್ದಾರೆ?"

"ನಾನು ನಿಮ್ಮ ಅಂಗಡಿಗೆ ಬಂದು, ಇಷ್ಟು ಮೆಣಸು ಯಾಕೆ ತಂದಿಟ್ಟಿದ್ದೀರಿ ಅಂತ ಕೇಳಿದ್ದೇನಾ?"

ಬ್ಯಾರಿ ತಕ್ಕಡಿ ಎತ್ತಿಕೊಂಡರು. ಬೇರೆ ದಾರಿ ಇತ್ತೇ?

ಇನ್ನು ಸೌತೆಕಾಯಿ. ನಮ್ಮ ಕಡೆಯ ಬಣ್ಣದ ಸೌತೆಯನ್ನು ತೆಂಗಿನ ಗರಿಯಲ್ಲಿ ಹೆಣೆದು ಮಾಡಿನ ಜಂತಿಗೆ ತೂಗುಹಾಕಿದರೆ ಮಳೆಗಾಲವಿಡೀ ಕೆಡದೆ ಉಳಿಯುತ್ತದೆ. ಎಲ್ಲರೂ ಅಡುಗೆಮನೆಯಲ್ಲಿ ತೂಗುಹಾಕುತ್ತಾರೆ. ದೊಡ್ಡಮ್ಮನಿಗೆ ಅಡುಗೆಮನೆ ಸಾಲದೆ ಸೌತೆಗಳು ಚಾವಡಿಗೂ ಬಂದಿದ್ದವು! ಒಮ್ಮೆ ಶಾನುಭೋಗರು ಯಾವುದೋ ಜಾಗದ ವಿಷಯಕ್ಕೆ ಬಂದು ಚಾವಡಿಯಲ್ಲಿ ಕುಳಿತಿದ್ದರು. ಗರಿ ಹಳೆಯದಾಗಿತ್ತೋ ಏನೋ, ಒಂದು ಸೌತೆ ಕಳಚಿ ನೇರವಾಗಿ ಅವರ ತಲೆಗೆ ಬಿತ್ತು. ದೊಡ್ಡಮ್ಮ ಒಳಗಿನಿಂದ ಓಡಿಬಂದಳು.

"ಅಯ್ಯೋ ದೇವರೇ! ಒಡೆಯಿತಾ?"

ಶಾನುಭೋಗರು ತಲೆ ಸವರಿಕೊಂಡು, "ಇಲ್ಲ ದೊಡ್ಡಕ್ಕ, ಸ್ವಲ್ಪ ಬಾತಿದೆ ಅಷ್ಟೇ" ಎಂದರು.

"ನಿಮ್ಮ ತಲೆಯಲ್ಲ ಶಾನುಭೋಗರೇ, ಸೌತೆ!"

ಈ ಉಗ್ರಾಣದ ಬಾಗಿಲು ಆಟಿ ತಿಂಗಳು ಹುಟ್ಟುವವರೆಗೆ ತೆರೆಯುವಂತಿರಲಿಲ್ಲ. ಆಟಿ ಎಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ಹೊರಗೆ ಕೆಲಸವಿಲ್ಲ, ಪೇಟೆಯಲ್ಲಿ ಸಾಮಾನಿಲ್ಲ. ಆಗ ಹೊಸದಾಗಿ ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಇರುವ ಹಾಗಿಲ್ಲ. ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ, ಆಕೆ ತಾಯಿಯ ಕೈಯಡುಗೆ ಉಣ್ಣುತ್ತ ಆರಾಮವಾಗಿ ಕೂರುತ್ತಾಳೆ. ಅದಕ್ಕೆ 'ಆಟಿ ಕೂರುವುದು' ಎಂದೇ ಹೆಸರು. ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ಹೀಗೆ ಬರುತ್ತಿದ್ದರು. ದೊಡ್ಡಮ್ಮನ ಮನೆಗೆ ಯಾರು ಬರಬೇಕು? ಆದರೂ ಆಟಿಯ ಮೊದಲ ದಿನ ಆಕೆ ಬೆಳಿಗ್ಗೆಯೇ ಸ್ನಾನ ಮಾಡಿ ಉಗ್ರಾಣದ ಬೀಗ ತೆಗೆಯುತ್ತಿದ್ದಳು. ತಿಂಗಳು ಮುಗಿಯುತ್ತಿದ್ದ ಹಾಗೆ, ಮುಟ್ಟದೆ ಉಳಿದದ್ದನ್ನೆಲ್ಲ ನೆರೆಮನೆಯವರಿಗೆ ಬೈಯುತ್ತ ಬೈಯುತ್ತ ಹಂಚುತ್ತಿದ್ದಳು. "ತೆಕ್ಕೊಂಡು ಹೋಗಿ, ನೀವಾದರೂ ತಿನ್ನಿ, ನನಗೆ ಜಾಗ ಇಲ್ಲ!"

ಮಿಲ್ಲಿನಲ್ಲಿ ಈ ಕಥೆಗಳನ್ನೆಲ್ಲ ನಾನು ಅಭಿನಯ ಮಾಡಿ ತೋರಿಸುತ್ತಿದ್ದೆ. ಸೌತೆ ಬಿದ್ದದ್ದನ್ನು ಹೇಳಿದರೆ ಅಕ್ಕಿ ಹೊರುವವರು ಗೋಣಿ ಇಳಿಸಿ ನಗುತ್ತಿದ್ದರು. ಆಕೆಯ ಅನ್ನ ಉಂಡು ಆಕೆಯನ್ನೇ ಆಡಿಕೊಂಡು ನಗಿಸಿದೆ. ಇವತ್ತು ಇಲ್ಲಿ ಮತ್ತೆ ನಗಿಸುತ್ತಿದ್ದೇನೆ, ನೋಡಿ. ಈ ಸಲ ಪೂರ್ತಿ ಹೇಳುತ್ತೇನೆ ಎಂಬುದಷ್ಟೇ ನನಗಿರುವ ಸಮಾಧಾನ.

ನನಗೆ ಮೂಡಬಿದಿರೆಯ ಹತ್ತಿರದ ಪುತ್ತಿಗೆಯಿಂದ ಹೆಣ್ಣು ತಂದರು. ಹುಡುಗಿ ಚಿಕ್ಕವಳಿದ್ದಾಗಲೇ ತಾಯಿ ಹೋಗಿದ್ದರು, ಆಮೇಲೆ ತಂದೆಯೂ. ಇದ್ದ ಒಬ್ಬ ಅಣ್ಣ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಮದುವೆ ಮುಗಿಸಿ ಪುತ್ತಿಗೆಯ ಮನೆಗೆ ಬೀಗ ಹಾಕಿ ರೈಲು ಹತ್ತಿದ್ದ. ಹೆಂಡತಿ ನನ್ನ ಅಮ್ಮನ ಜೊತೆ ಅಳದಂಗಡಿಯ ಮನೆಯಲ್ಲಿ, ನಾನು ವಾರವಿಡೀ ಬಂಟ್ವಾಳದಲ್ಲಿ. ಮಳೆ ಶುರುವಾಯಿತು. ನೆರೆಯ ಹೆಂಗಸರು ಬಾವಿಕಟ್ಟೆಯಲ್ಲಿ ಆಕೆಯನ್ನು ಕೇಳತೊಡಗಿದರು: "ಆಟಿಗೆ ಯಾವಾಗ ಹೊರಡುವುದು?"

ಒಂದು ಸೋಮವಾರ ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ದೊಡ್ಡಮ್ಮನಿಗೆ ಹೇಳಿದೆ. ತಮಾಷೆಯ ವಿಷಯವೆಂದೇ ಹೇಳಿದೆ!

"ನಿಮ್ಮ ಸೊಸೆ ಬಾವಿಕಟ್ಟೆಯಲ್ಲಿ ಏನು ಹೇಳಿದ್ದಾಳೆ ಗೊತ್ತುಂಟಾ? ಅಣ್ಣ ಬೊಂಬಾಯಿಯಿಂದ ಬರ್ತಾನೆ, ಕರ್ಕೊಂಡು ಹೋಗ್ತಾನೆ ಅಂತ. ಅವನಿಗೆ ರಜೆಯೇ ಇಲ್ಲ. ಬೀಗ ಹಾಕಿದ ಮನೆಯಲ್ಲಿ ಕೂರುವುದಾ?"

ದೊಡ್ಡಮ್ಮನ ಕೈಯ ಸೌಟು ನನ್ನ ಬಟ್ಟಲಿನ ಮೇಲೆ ನಿಂತಿತು.

"ನೀನು ಅವಳಿಗೆ ಏನು ಹೇಳಿದೆ?"

"ತವರು ಇಲ್ಲದಿದ್ದರೆ ಇಲ್ಲ, ಅದಕ್ಕೆ ಸುಳ್ಳು ಯಾಕೆ ಹೇಳಿದೆ ಅಂದೆ. ಇಲ್ಲೇ ಇರು, ಯಾರು ಏನು ಮಾಡ್ತಾರೆ ಅಂದೆ."

"ಅವಳು?"

"ಎದ್ದು ಒಳಗೆ ಹೋದಳು."

ಸೌಟು ಹಾಗೆಯೇ ಪಾತ್ರೆಗೆ ಮರಳಿತು. ನನಗೆ ಆ ರಾತ್ರಿ ಸಾರು ಸಿಗಲಿಲ್ಲ.

ಆಟಿ ಹುಟ್ಟುವ ಮುನ್ನಾದಿನ ಭಾನುವಾರ. ನಾನು ಅಮ್ಮನ ಮನೆಯಲ್ಲಿದ್ದೆ. ಮಧ್ಯಾಹ್ನದ ಮಳೆಯಲ್ಲಿ ಅಂಗಳದಾಚೆ ಒಂದು ಓಲೆಕೊಡೆ ಕಂಡಿತು. ಅದರ ಕೆಳಗೆ ದೊಡ್ಡಮ್ಮ! ಬಸ್ಸಿನಲ್ಲಿ ಬಂದು, ಉಳಿದ ದಾರಿ ನಡೆದು, ಮದುವೆಗೆ ಉಡುವ ಸೀರೆ ಮೊಣಕಾಲವರೆಗೆ ಕೆಸರಾಗಿ ನಿಂತಿದ್ದಳು. ಕೈಯಲ್ಲಿ ವೀಳ್ಯದೆಲೆ, ಬಾಳೆಹಣ್ಣು. ಕಾಲು ತೊಳೆದು ಒಳಗೆ ಬರುವ ಬದಲು, ಮೊದಲ ಸಲ ಬಂದ ಬೀಗಿತ್ತಿಯ ಹಾಗೆ ಜಗಲಿಯ ತುದಿಯಲ್ಲಿ ಕುಳಿತಳು. ಬಾವಿಕಟ್ಟೆಯ ಹೆಂಗಸರು ಇಬ್ಬರು ಅಂಗಳದ ಬದಿಯಲ್ಲಿ ಬಂದು ನಿಂತಿದ್ದರು.

"ಹುಡುಗಿಯನ್ನು ಆಟಿಗೆ ಕರ್ಕೊಂಡು ಹೋಗ್ಲಿಕ್ಕೆ ಬಂದೆ" ಎಂದಳು, ಅವರಿಗೂ ಕೇಳಿಸುವ ಹಾಗೆ.

ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. "ಅಕ್ಕಾ, ನಿಂಗೆ ಮರುಳಾ? ನೀನು ಹುಡುಗನ ದೊಡ್ಡಮ್ಮ! ನಿನ್ನ ಮನೆ ತವರು ಹೇಗಾಗ್ತದೆ?"

"ದೊಡ್ಡಮ್ಮ ಆಗಿದ್ದೆ, ನಿನ್ನೆವರೆಗೆ. ಇವತ್ತಿನಿಂದ ನಾನು ಹುಡುಗಿಯ ಕಡೆ."

"ಕಡೆ ಹಾಗೆ ಬದಲಾಗ್ತದಾ?"

"ವೋಟಿಗೆ ನಿಂತವರು ಬದಲಿಸ್ತಾರೆ. ನಾನು ಬದಲಿಸಿದರೆ ಏನು ಕಷ್ಟ?"

ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, "ಪೆಟ್ಟಿಗೆ ಕಟ್ಟು ಮಗಳೇ, ಬಸ್ಸು ತಪ್ಪುತ್ತದೆ" ಎಂದಳು.

ಹೆಂಡತಿ ಒಮ್ಮೆ ಅಂಗಳದ ಹೆಂಗಸರನ್ನು ನೋಡಿದಳು, ಒಮ್ಮೆ ನನ್ನನ್ನು. "ಆಯಿತು ಅತ್ತೆ" ಎಂದಳು ಮೆಲ್ಲಗೆ.

"ಅತ್ತೆ ಇಗೋ, ಇಲ್ಲಿದ್ದಾಳೆ" ಎಂದು ದೊಡ್ಡಮ್ಮ ನನ್ನ ಅಮ್ಮನನ್ನು ತೋರಿಸಿದಳು. ತನ್ನನ್ನು ಏನೆಂದು ಕರೆಯಬೇಕೆಂದು ಮಾತ್ರ ಹೇಳಲಿಲ್ಲ.

ಮರುದಿನ ಮಿಲ್ಲಿನ ಕೆಲಸ ಮುಗಿಸಿ ಎಂದಿನಂತೆ ದೊಡ್ಡಮ್ಮನ ಮನೆಗೆ ಹೋದೆ. ಮೆಟ್ಟಿಲಿನ ಮೇಲೆ ನನ್ನ ಟ್ರಂಕು, ಅದರ ಮೇಲೆ ನನ್ನ ಹಾಸಿಗೆ ಸುರುಳಿ!

"ಏನು ದೊಡ್ಡಮ್ಮ ಇದು?"

"ಆಟಿ ಮುಗಿಯುವವರೆಗೆ ಅಳಿಯಂದಿರು ಇಲ್ಲಿ ಉಳಿಯುವ ಹಾಗಿಲ್ಲ. ಕುಳಿತುಕೊಳ್ಳಿ, ಬೆಲ್ಲ ನೀರು ಕುಡಿದು ಹೋಗಿ."

ಕುಳಿತುಕೊಳ್ಳಿ! ಹುಟ್ಟಿದಾಗಿನಿಂದ ನನ್ನನ್ನು 'ಬಾರೋ, ಹೋಗೋ' ಎಂದ ಬಾಯಿಂದ! ಮಿಲ್ಲಿನ ಗೋಣಿಗಳ ನಡುವೆ ಮಲಗತೊಡಗಿದೆ. ಬೆಕ್ಕುಗಳಿಗೆ ಮಾತ್ರ ಬಹಳ ಸಂತೋಷವಾಯಿತು. ಆದರೂ ಸಂಜೆ ಯಾವುದಾದರೂ ನೆಪ ಹಿಡಿದು ಓಣಿಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ಅಳಿಯನ ಉಪಚಾರ ನಡೆಯುತ್ತಿತ್ತು.

"ಮನೆಯಲ್ಲಿ ನಿಮ್ಮ ತಾಯಿಯವರು ಸೌಖ್ಯವಾ?"

"ದೊಡ್ಡಮ್ಮ, ನನ್ನ ತಾಯಿ ಅಂದರೆ ನಿಮ್ಮ ತಂಗಿ!"

"ಹೌದಾ? ಹಾಗಾದರೆ ನಮಗೆ ಮೊದಲೇ ಸಂಬಂಧ ಉಂಟು."

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ಅವಳು ಅಷ್ಟು ಗಟ್ಟಿಯಾಗಿ ನಗುತ್ತಾಳೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ನಗುತ್ತಿದ್ದಳು, ತಿನ್ನುತ್ತಿದ್ದಳು, ಕೆನ್ನೆ ತುಂಬಿಕೊಂಡಿತ್ತು. ಆದರೆ ಒಂದು ವಿಷಯವನ್ನು ನಾನು ಜಗಲಿಯಲ್ಲಿ ಕುಳಿತೇ ಗಮನಿಸಿದ್ದೆ. ಅವಳು ದೊಡ್ಡಮ್ಮನನ್ನು ಏನೆಂದೂ ಕರೆಯುತ್ತಿರಲಿಲ್ಲ. 'ಅತ್ತೆ' ಎನ್ನುವಂತಿಲ್ಲ. ಇನ್ನೊಂದು ಶಬ್ದವನ್ನು ಅವಳು ಬಾಯಿ ಬಿಟ್ಟು ಹೇಳದೆ ವರ್ಷಗಳೇ ಆಗಿದ್ದವು. ಏನಾದರೂ ಬೇಕಾದರೆ ಹತ್ತಿರ ಬಂದು ನಿಲ್ಲುತ್ತಿದ್ದಳು, ಇಲ್ಲವೇ "ಇಲ್ಲಿ ನೋಡಿ" ಎನ್ನುತ್ತಿದ್ದಳು. ದೊಡ್ಡಮ್ಮ ಒಮ್ಮೆಯೂ ಒತ್ತಾಯಿಸಲಿಲ್ಲ. ಎಲ್ಲರ ಬಾಯಿಗೂ ಉತ್ತರ ಇಟ್ಟುಕೊಂಡಿದ್ದ ಹೆಂಗಸು ಇದೊಂದರಲ್ಲಿ ಬಾಯಿ ಮುಚ್ಚಿ ಕಾದಳು.

ಆಟಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ನಾನು ಜಗಲಿಯಲ್ಲಿದ್ದೆ. ದೊಡ್ಡಮ್ಮ ಎಂದಿನಂತೆ ನೀರಿನ ಲೋಟ, ಬೆಲ್ಲದ ತಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಹೆಂಡತಿ ಉಗ್ರಾಣದೊಳಗೆ ಡಬ್ಬಗಳನ್ನು ಸರಿಸುವ ಸದ್ದು. ಆಗ ಒಳಗಿನಿಂದ, ಅವಸರದಲ್ಲಿ, ತನಗೆ ಅರಿವಿಲ್ಲದೆಯೇ ಎಂಬಂತೆ ಕೂಗಿದಳು:

"ಅಮ್ಮಾ, ಉಪ್ಪಿನ ಭರಣಿ ಎಲ್ಲಿಟ್ಟಿದ್ದೀರಿ?"

ಮಳೆ ಆಗತಾನೇ ನಿಂತಿತ್ತು. ಸೂರಿನ ಹನಿ ಮಾತ್ರ ಬೀಳುತ್ತಿತ್ತು. ದೊಡ್ಡಮ್ಮನ ಕೈಯ ಲೋಟದಿಂದ ನೀರು ತುಳುಕಿ ನನ್ನ ಪಾದದ ಮೇಲೆ ಬಿತ್ತು. ಆಕೆ ಅದನ್ನು ನೋಡಲಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಆ ಉಗ್ರಾಣದಲ್ಲಿ ಸಾಸಿವೆಯ ಕಾಳೊಂದನ್ನು ಹುಡುಕಿ ತರಬಲ್ಲವಳು ಆಕೆ. ಲೋಟವನ್ನೂ ತಟ್ಟೆಯನ್ನೂ ನನ್ನ ತೊಡೆಯ ಮೇಲೆಯೇ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದಳು.

"ಎಲ್ಲಿಟ್ಟೆನೋ ನನಗೂ ನೆನಪಿಲ್ಲ ಮಗಳೇ" ಎಂದದ್ದು ಕೇಳಿಸಿತು. "ಇರು, ಬಂದೆ. ಇಬ್ಬರೂ ಸೇರಿ ಹುಡುಕುವ."