ಎಡದಿಂದ ಎರಡನೆಯವರು

ಯಾರಾದರೂ ನನ್ನ ಮಾತನ್ನು ಮರುಪ್ರಶ್ನೆ ಹಾಕದೆ ನಂಬಿಬಿಟ್ಟರೆ ನನಗೆ ಒಳಗೊಳಗೇ ಹೆದರಿಕೆ ಶುರುವಾಗುತ್ತದೆ. ಅನುಮಾನ ಪಡುವವರ ಮುಂದೆ ನಾನು ಧೈರ್ಯವಂತ. ಜಪಾನಿನ ವಾಕೋ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಸ ಹಾಕುವಾಗ, ಇದು ಸುಡುವ ಕಸವೋ ಸುಡಬಾರದ್ದೋ ಎಂದು ಯಾರಾದರೂ ತಡೆದು ಕೇಳಿದರೆ ಅರ್ಧ ಗಂಟೆ ವಾದಿಸಬಲ್ಲೆ. ಕೇಳದೆ ತಲೆಬಾಗಿ ನಮಸ್ಕರಿಸಿ ಹೋದರೋ, ಮೂರನೇ ಮಹಡಿ ಹತ್ತಿದವನು ಮತ್ತೆ ಇಳಿದು ಬಂದು ಚೀಲ ಬಿಚ್ಚಿ ನೋಡುತ್ತೇನೆ. ಹದಿನಾಲ್ಕು ವರ್ಷದಿಂದ ಇಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡಿಕೊಂಡಿದ್ದೇನೆ. ಲೋಹಗಳು ಯಾರನ್ನೂ ನಂಬುವುದಿಲ್ಲವಾದ್ದರಿಂದ ನಮ್ಮ ಸಂಬಂಧ ಚೆನ್ನಾಗಿದೆ.

ನನ್ನನ್ನು ನಂಬಿದವರಲ್ಲಿ ಮೊದಲಿಗರು ಮೈಸೂರಿನಲ್ಲಿರುವ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ಸುಮಾಳ ತಾಯಿ. ಅವರ ತಂದೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಮೆರಿಕಕ್ಕೆ ಹೋಗಿ ಹೈನುಗಾರಿಕೆ ಓದಿ ಬಂದವರು. ಬಂದ ವರ್ಷವೇ ಜ್ವರದಲ್ಲಿ ತೀರಿಕೊಂಡರು. ಆಗ ಅತ್ತೆಗೆ ಮೂರು ವರ್ಷ. ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ಮರದ ಪೆಟ್ಟಿಗೆಯ ಸಮೇತ ಗೆದ್ದಲು ತಿಂದಿತ್ತು. ಅಪ್ಪನ ಮುಖ ಅತ್ತೆಗೆ ನೆನಪಿಲ್ಲ. ಅವರ ಕೋಣೆಯ ಗೋಡೆಯಲ್ಲಿ ಅಮ್ಮನ ಫೋಟೋ ಇದೆ, ಅದರ ಪಕ್ಕದಲ್ಲಿ ಬರೀ ಒಂದು ಮೊಳೆ. ಆ ಮೊಳೆಗೆ ಕ್ಯಾಲೆಂಡರ್ ನೇತುಹಾಕಲೂ ಯಾರನ್ನೂ ಬಿಟ್ಟಿರಲಿಲ್ಲ. ಹೋದ ವರ್ಷ ರಜಕ್ಕೆ ಹೋದಾಗ ನನಗೆ ಕಾಫಿ ಕೊಡುತ್ತ, ‘ನೀವು ರಿಸರ್ಚ್ ಮಾಡೋರು. ಅಮೆರಿಕದೋರು ಹಳೇದನ್ನೆಲ್ಲ ಜೋಪಾನವಾಗಿ ಇಟ್ಟಿರ್ತಾರಂತೆ. ಒಂದ್ಸಲ ನೋಡ್ತೀರಾ?’ ಎಂದರು. ಅಳಿಯನಾದವನು ಇಂಥ ಕಡೆ ಇಲ್ಲ ಎನ್ನುವುದುಂಟೇ?

ವಾಕೋಗೆ ಮರಳಿ ಶನಿವಾರಗಳಂದು ಇಂಟರ್ನೆಟ್ಟಿನಲ್ಲಿ ಹುಡುಕಲು ಕೂತೆ. ಅಮೆರಿಕದ ಗ್ರಂಥಾಲಯಗಳ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆಗ. ಪುಟ್ಟ ಊರಿನ ಗ್ರಂಥಾಲಯದಲ್ಲೂ ತಾತ ಮುತ್ತಾತಂದಿರನ್ನು ಹುಡುಕುವವರಿಗೆಂದೇ ಒಂದು ಕೋಣೆ. ಹಡಗಿನಲ್ಲಿ ಬಂದಿಳಿದವರ ಪಟ್ಟಿ, ಸ್ಮಶಾನದಲ್ಲಿ ಮಲಗಿದವರ ಪಟ್ಟಿ, ನೂರು ವರ್ಷದ ಹಿಂದಿನ ಊರ ಪತ್ರಿಕೆ. ಹಾಲಿನ ಕ್ಯಾನುಗಳಿಗೇ ಮೀಸಲಾದ ಒಂದು ಮ್ಯೂಸಿಯಂ ಕೂಡ ಸಿಕ್ಕಿತು. ಸಿಗದವರೆಂದರೆ ಅತ್ತೆಯ ತಂದೆ ಮಾತ್ರ. ಯಾರೋ ನಾರ್ವೆಯಿಂದ ಬಂದ ಬಡಗಿಯೊಬ್ಬನ ಸಂಸಾರವನ್ನು ಮೂರು ತಲೆಮಾರು ಹಿಂಬಾಲಿಸಿ, ಅವನ ಮೊಮ್ಮಗಳ ಮದುವೆ ಮುರಿದುಬಿದ್ದದ್ದನ್ನು ಓದಿ ಆ ದಿನ ಊಟ ಸೇರಲಿಲ್ಲ.

ಕೊನೆಗೆ ಒಂದು ಕೃಷಿ ಕಾಲೇಜಿನ ದಾಖಲೆಗಳನ್ನು ಇಟ್ಟುಕೊಂಡಿರುವ ಗ್ರಂಥಾಲಯದಿಂದ ಉತ್ತರ ಬಂತು. ಆಗ ಅಲ್ಲಿ ಓದಿದ ಭಾರತೀಯರು ಮೂವರೇ, ಅವರಲ್ಲಿ ನೀವು ಕೇಳಿದ ಹೆಸರೂ ಇದೆ ಎಂದು ಅಲ್ಲಿನ ಗ್ರಂಥಪಾಲಕಿ ಬರೆದಿದ್ದರು. ಜೊತೆಗೆ ಒಂದು ಫೋಟೋ. ಕೊಟ್ಟಿಗೆಯ ಮುಂದೆ ಕೋಟು ತೊಟ್ಟ ಮೂವರು ತರುಣರು, ಒಂದು ಹಸು. ಫೋಟೋದ ಹಿಂದೆ ಹಸುವಿನ ಹೆಸರು, ತಳಿ, ಎಷ್ಟು ಹಾಲು ಕೊಡುತ್ತದೆ ಎಲ್ಲವೂ ಇತ್ತು. ತರುಣರ ಬಗ್ಗೆ ‘ಭಾರತದ ವಿದ್ಯಾರ್ಥಿಗಳು’ ಎಂದಷ್ಟೇ. ನಿಮ್ಮವರು ಯಾರೆಂದು ತಿಳಿಸಿದರೆ ನಮ್ಮ ದಾಖಲೆಗೂ ಉಪಕಾರ ಎಂದು ಆಕೆ ನನ್ನನ್ನೇ ಕೇಳಿದ್ದರು.

ಸುಮಾ ಫೋಟೋ ದೊಡ್ಡದು ಮಾಡಿ ನೋಡಿ, ಮಧ್ಯದವರ ಮೂಗು ಅಮ್ಮನದರ ಹಾಗೇ ಇದೆ, ಆದರೆ ಗ್ಯಾರಂಟಿ ಇಲ್ಲ, ಅಮ್ಮನಿಗೆ ಈಗಲೇ ಹೇಳಬೇಡಿ ಎಂದಳು. ಗ್ರಂಥಪಾಲಕಿಗೆ ನಾನು ಮೊದಲು ‘ಬಹುಶಃ ಮಧ್ಯದವರು’ ಎಂದೇ ಬರೆದೆ. ಅಷ್ಟು ಕಷ್ಟಪಟ್ಟು ಹುಡುಕಿಕೊಟ್ಟವರಿಗೆ ಪ್ರತಿಯಾಗಿ ಅನುಮಾನ ಕಳಿಸುವುದು ಮರ್ಯಾದೆಯಲ್ಲ ಎನಿಸಿ ‘ಬಹುಶಃ’ ತೆಗೆದೆ. ವಾರದೊಳಗೆ ಅವರ ಕ್ಯಾಟಲಾಗಿನಲ್ಲಿ, ಎಡದಿಂದ ಎರಡನೆಯವರು ಇಂಥವರು ಎಂದು ಅಚ್ಚುಕಟ್ಟಾಗಿ ಬಂತು. ಅಚ್ಚಿನಲ್ಲಿ ಕಂಡ ಮೇಲೆ ನನಗೂ ನಂಬಿಕೆ ಬಂತು. ಅತ್ತೆಗೆ ಫೋನ್ ಮಾಡಿದೆ. ಖಂಡಿತಾನಾ ಎಂದು ಕೇಳಿದರು. ‘ಅಮೆರಿಕದ ಲೈಬ್ರರಿಯವರೇ ಹೇಳ್ತಿದಾರೆ ಅತ್ತೆ’ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಕ್ಕದವರಿಬ್ಬರನ್ನೂ ಹಸುವನ್ನೂ ಕತ್ತರಿಸಿ ಕಳಿಸಿದ ಫೋಟೋ, ಕಟ್ಟು ಹಾಕಿಸಿಕೊಂಡು ಮೊಳೆಗೆ ಏರಿತು.

ಆರು ತಿಂಗಳ ಮೇಲೆ ಗ್ರಂಥಪಾಲಕಿಯಿಂದ ಇನ್ನೊಂದು ಮೇಲ್. ಪುಣೆಯ ಕುಟುಂಬವೊಂದು ಇದೇ ಫೋಟೋದ ಇನ್ನೊಂದು ಪ್ರತಿಯನ್ನು ಕಳಿಸಿದೆ, ಅದರ ಹಿಂದೆ ‘ಮಧ್ಯದಲ್ಲಿ ನಾನು’ ಎಂದು ಅವರ ತಂದೆಯೇ ಬರೆದು ಸಹಿ ಮಾಡಿದ್ದಾರೆ, ಈ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದಿದ್ದರು. ನನಗೆ ಅಭಿಪ್ರಾಯವಿರಲಿಲ್ಲ, ಬೆವರು ಮಾತ್ರ ಇತ್ತು.

ಲ್ಯಾಬಿನಲ್ಲಿ ನನ್ನ ಎದುರಿನ ಮೇಜಿನಲ್ಲಿ ಕೂರುವ ಮೋರಿ ಸಾನ್ ಎಂಬ ಜಪಾನಿ ಮಹಿಳೆ ನನ್ನ ಮುಖ ನೋಡಿಯೇ ವಿಚಾರಿಸಿದರು. ಎಲ್ಲ ಹೇಳಿಕೊಂಡೆ. ತಪ್ಪಾದರೆ ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ವರದಿ ಬರೆದು ಕೊಡುವುದು ನಮ್ಮಲ್ಲಿಯ ಕ್ರಮ ಎಂದರು. ಲೈಬ್ರರಿಗೆ ಇವತ್ತೇ ಬರೆಯುತ್ತೇನೆ ಎಂದು ಎದ್ದೆ. ಮೋರಿ ಸಾನ್ ಬಹಳ ಮೃದುವಾಗಿ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಅದಕ್ಕೂ ಮೊದಲು ದಿನಾ ಹೂವಿಡುತ್ತಿರುವವರಿಗೆ ಹೇಳಬೇಕಲ್ಲವೇ ಎಂದರು. ಜಪಾನಿನಲ್ಲಿ ಇಷ್ಟು ವರ್ಷವಿದ್ದೂ, ಇಷ್ಟು ಮೆತ್ತಗೆ ಯಾರೂ ನನಗೆ ಬೈದಿರಲಿಲ್ಲ.

ವಿಡಿಯೋ ಕಾಲಿನಲ್ಲಿ ಅತ್ತೆ, ಅವರ ಹಿಂದೆ ಗೋಡೆಯಲ್ಲಿ ಪುಣೆಯವರು ಮಲ್ಲಿಗೆ ಮುಡಿದು ನಿಂತಿದ್ದರು. ತಡವರಿಸುತ್ತ ಎಲ್ಲ ಒಪ್ಪಿಸಿದೆ. ಲೈಬ್ರರಿಯವರು ಹೇಳಿದ್ದಲ್ಲ, ನಾನೇ ಅವರಿಗೆ ಹೇಳಿದ್ದು ಎಂಬುದನ್ನೂ ಬಿಡಲಿಲ್ಲ. ಫೋಟೋ ತೆಗೆಸಿಬಿಡಿ ಅತ್ತೆ ಎಂದೆ. ಅವರು ಹಿಂತಿರುಗಿ ಗೋಡೆ ನೋಡಿದರು.

‘ಆರು ತಿಂಗಳಿಂದ ಹೂವ ಇಡ್ತಿದೀನಿ. ಮೊಮ್ಮಕ್ಕಳು ಪರೀಕ್ಷೆಗೆ ಹೋಗೋವಾಗ ಕೈಮುಗ್ದಿದಾರೆ. ಈಗ ನೀವು ನಮ್ಮವರಲ್ಲ, ಹೊರಡಿ ಅನ್ನೋಕಾಗತ್ತಾ?’

ಆಮೇಲೆ ಪೂರ್ತಿ ಫೋಟೋ ಕಳಿಸಲು ಹೇಳಿದರು. ಕಳಿಸಿದೆ. ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿದರು. ಎಡಗಡೆಯವರೋ ಬಲಗಡೆಯವರೋ ಎಂದು ಕೇಳಿದರೆ ಏನು ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಅವರು ಕೇಳಲಿಲ್ಲ.

‘ಇದರಲ್ಲೇ ಇದಾರಲ್ಲ, ಸಾಕು. ಮೂವರೂ ಇರಲಿ. ಅಷ್ಟು ದೂರದಲ್ಲಿ ಅಪ್ಪಂಗೆ ಇವರೇ ತಾನೇ ಜೊತೆಗಿದ್ದೋರು? ನೀವು ಕತ್ತರಿಸಬಾರದಿತ್ತು.’ ಫೋಟೋವನ್ನು ಇನ್ನೊಮ್ಮೆ ನೋಡಿ, ಹಸುವೂ ಲಕ್ಷಣವಾಗಿದೆ ಎಂದರು.

ಅಂದೇ ಗ್ರಂಥಪಾಲಕಿಗೆ ಎರಡು ಪುಟದ ವರದಿ ಬರೆದೆ. ಏನಾಯಿತು: ಬೇರೆ ಮನೆಯ ಹಿರಿಯರನ್ನು ನಮ್ಮವರೆಂದು ಘೋಷಿಸಿದ್ದು. ಯಾಕಾಯಿತು: ಅತ್ತೆಯ ಕಣ್ಣಿನಲ್ಲಿ ದೊಡ್ಡವನಾಗುವ ಆಸೆ. ಮುಂದಿನ ಕ್ರಮ: ಇನ್ನು ಮೇಲೆ ಮೂಗು ನೋಡಿ ಯಾರನ್ನೂ ಗುರುತಿಸುವುದಿಲ್ಲ. ಮೋರಿ ಸಾನ್ ಓದಿ, ಸಹಿ ಇಲ್ಲದ ವರದಿ ವರದಿಯೇ ಅಲ್ಲ ಎಂದದ್ದಕ್ಕೆ ಪೂರ್ಣ ಹೆಸರು ಬರೆದು ಸಹಿಯನ್ನೂ ಹಾಕಿದೆ.

ಗ್ರಂಥಪಾಲಕಿಯ ಉತ್ತರ ಸಂತೋಷದಿಂದ ತುಂಬಿ ತುಳುಕುತ್ತಿತ್ತು. ಕ್ಯಾಟಲಾಗು ತಿದ್ದಿದ್ದಾಗಿದೆ, ಎಡ ಬಲದವರ ಮುಂದೆ ‘ಗುರುತು ಸಿಕ್ಕಿಲ್ಲ’ ಎಂದು ಹಾಕಿದ್ದೇವೆ. ಒಂದು ತಪ್ಪು ಹೇಗೆ ನಡೆಯಿತೆಂದು ತಪ್ಪು ಮಾಡಿದವರೇ ಇಷ್ಟು ವಿವರವಾಗಿ ಬರೆದುಕೊಟ್ಟದ್ದು ಅಪರೂಪ, ಮುಂದಿನ ಸಂಶೋಧಕರಿಗೆ ಉಪಯೋಗವಾಗಲೆಂದು ನಿಮ್ಮ ಪತ್ರವನ್ನು ಫೋಟೋದ ಜೊತೆಗೇ ಶಾಶ್ವತವಾಗಿ ಇಡುತ್ತಿದ್ದೇವೆ, ಹೆಸರು ಹುಡುಕಿದರೆ ಸಿಗುತ್ತದೆ ಎಂದು ಬರೆದಿದ್ದರು. ಹುಡುಕಿದೆ. ತಕ್ಷಣ ಸಿಕ್ಕಿತು. ಸುಮಾಳಿಗೆ ತೋರಿಸಿದೆ.

ಅವಳು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ, ‘ಯೋಚನೆ ಮಾಡ್ಬೇಡಿ. ಇದನ್ನ ಓದಿದ ಮೇಲೆ ನಿಮ್ಮನ್ನ ಇನ್ಯಾರೋ ಅಂತ ಯಾರೂ ತಪ್ಪು ತಿಳ್ಕೊಳ್ಳಲ್ಲ’ ಎಂದಳು.