ಕಚ್ಚಾ ರಸ್ತೆಯ ಸಾವ್ಕಾರ

ಐವತ್ತೆರಡನೇ ವಯಸ್ಸಿನಲ್ಲಿ ಕಲ್ಲು ಮಣ್ಣು ಕಂಡಲ್ಲೆಲ್ಲ ಬೈಕು ನುಗ್ಗಿಸುವವನಿಗೆ ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ತ್ರಾಸಿಲ್ಲ. ಅವೇ ವಾರಕ್ಕೊಂದರಂತೆ, ಸಾಮಾನ್ಯವಾಗಿ ರವಿವಾರ, ಎದುರಿಗೆ ಬಂದು ನಿಲ್ಲುತ್ತವೆ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಬೀಜದ ಅಂಗಡಿ. ಮೆಣಸಿನಕಾಯಿ, ಸೌತೆ, ಬದನೆ, ಗೋವಿನಜೋಳ, ಏನು ಬೇಕೋ ಅದರ ಬೀಜ ಸಿಗುತ್ತದೆ. ಸುತ್ತಲಿನ ಮೂರು ತಾಲೂಕಿನ ರೈತರು ಇಪ್ಪತ್ತೈದು ವರ್ಷಗಳಿಂದ ನನ್ನ ಗಿರಾಕಿಗಳು. ಇದು ಅಂಗಡಿಗೆ ಒಳ್ಳೆಯದು, ಬೈಕಿನ ಹವ್ಯಾಸಕ್ಕೆ ಮಾತ್ರ ಬಲು ಕೆಟ್ಟದ್ದು. ಎಲ್ಲೇ ಬಿದ್ದರೂ ಎತ್ತಲು ಬರುವವನು ಪರಿಚಯದವನೇ ಆಗಿರುತ್ತಾನೆ. ಹಾವೇರಿ ಜಿಲ್ಲೆಯಲ್ಲಿ ನೆಮ್ಮದಿಯಿಂದ ಒಬ್ಬನೇ ಬೀಳಲು ನನಗೆ ಜಾಗವೇ ಇಲ್ಲ.

ಮದುವೆಗೆ ಮುಂಚೆ ನಾನು ಹಳೆಯ ಬೈಕೊಂದರಲ್ಲಿ ಹಳ್ಳ ದಿನ್ನೆ ಒಂದೂ ಬಿಟ್ಟವನಲ್ಲ. ಬ್ಯಾಡಗಿ ಕಡೆಯ ಒಂದು ಹಳ್ಳಿಯ ಹಿಂದೆ ಕೆಂಪು ಮಣ್ಣಿನ ಕಡಿದಾದ ಏರೊಂದಿದೆ. ಅದೊಂದೇ ನನಗೆ ದಕ್ಕಲಿಲ್ಲ. ಪ್ರತಿ ಸಲ ಅರ್ಧಕ್ಕೆ ಬಂದಾಗ ಅಂಜಿ ಎಕ್ಸಲೇಟರ್ ಬಿಡುತ್ತಿದ್ದೆ, ಬೈಕು ಹಿಂದಕ್ಕೆ ಜಾರುತ್ತಿತ್ತು. ಆಮೇಲೆ ಮದುವೆ, ಅಂಗಡಿ, ಹೊಟ್ಟೆ, ಇದೇ ಕ್ರಮದಲ್ಲಿ ಬಂದವು. ಏರು ಅಲ್ಲೇ ಉಳಿಯಿತು. ನನ್ನ ತಲೆಯಲ್ಲೂ ಉಳಿಯಿತು.

ಡಾಕ್ಟರ ಗಾಡಿ

ಮಣ್ಣಿನ ದಾರಿಗೆಂದೇ ಮಾಡಿದ, ಎತ್ತರದ ಸೀಟಿನ ಬೈಕೊಂದು ಹಾವೇರಿಯಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾಗಿ ನೋಡಲು ಹೋದೆ. ಮಾಲೀಕರು ಎಲುಬಿನ ಡಾಕ್ಟರು. ಗಾಡಿಗೆ ಎರಡು ವರ್ಷವಾಗಿದ್ದರೂ ಮೈಮೇಲೆ ಒಂದು ಗೀರಿಲ್ಲ.

"ಯಾಕ ಮಾರಾಕತ್ತೀರಿ ಡಾಕ್ಟರ?" ಎಂದು ಕೇಳಿದೆ.

"ಇಂಥಾ ಗಾಡಿ ಮ್ಯಾಲಿಂದ ಬಿದ್ದವ್ರ ಎಕ್ಸರೇ ದಿನಾ ನೋಡ್ತೇನ್ರಿ. ತಗೊಂಡೆ ಖರೇ, ಹತ್ತಾಕ ಧೈರ್ಯ ಬರಲಿಲ್ಲ."

ನಾನು ಎದೆಯುಬ್ಬಿಸಿ, "ನನಗ ರೂಢಿ ಐತ್ರಿ, ಹಳೇ ಕೈ," ಎಂದೆ. ಅವರು ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದರು. ಮೊಣಕಾಲಿನ ಹತ್ತಿರ ತುಸು ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಒಂದು ಕೈಯಿಂದ ಕೀಲಿ ಕೊಟ್ಟರು, ಇನ್ನೊಂದು ಕೈಯಿಂದ ತಮ್ಮ ದವಾಖಾನೆಯ ಕಾರ್ಡು ಕೊಟ್ಟರು.

"ಗಾಡಿ ನಿಮ್ಮ ಕಡೆ ಇರ್ಲಿ. ನೀವು ಹೆಂಗೂ ನನ್ನ ಕಡೆ ಬರ್ತೀರಿ."

ಕಟ್ಟೆ

ಬೈಕನ್ನು ಲಗೇಜ್ ಗಾಡಿಯಲ್ಲಿ ಹಾಕಿಸಿ ಮನೆಗೆ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು ಅದರ ಸುತ್ತ ಕಣ್ಣಾಡಿಸಿದಳು. ಬಯ್ಯಲಿಲ್ಲ. ಅವಳು ಬಯ್ಯದಿದ್ದಾಗಲೇ ನನಗೆ ಹೆಚ್ಚು ಅಂಜಿಕೆ.

"ಹೊಡೀರಿ, ನಾ ಬ್ಯಾಡ ಅನ್ನಾಂಗಿಲ್ಲ," ಎಂದಳು. "ಆದ್ರ ಒಂದ ಶರತ್ತು. ಹೋದವ್ರು ಇದನ್ನ ಹೊಡಕೊಂಡ ತಿರುಗಿ ಬರಬೇಕು. ಬ್ಯಾರೇದವ್ರ ಗಾಡ್ಯಾಗ ನೀವು ಮನಿಗೆ ಬಂದ ದಿನಾ ಇದನ್ನ ಮಾರೋದು. ಆತ?"

"ಆತು," ಎಂದೆ. ನಮ್ಮ ಮನೆಯಲ್ಲಿ ಅವಳ ಮಾತಿಗೆ ಅಪೀಲು ಇಲ್ಲ.

ಸೀಟು ನನ್ನ ಸೊಂಟಕ್ಕೆ ಬರುತ್ತಿತ್ತು. ಇಪ್ಪತ್ತಾರರ ವಯಸ್ಸಿನಲ್ಲಿ ಹಾರಿ ಕೂಡುತ್ತಿದ್ದ ಕಾಲು ಈಗ ಅರ್ಧಕ್ಕೆ ಬಂದು ವಿಚಾರ ಮಾಡತೊಡಗಿತು. ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮಗ್ಗುಲಿಗೆ ಬೈಕು ನಿಲ್ಲಿಸಿ, ಕಟ್ಟೆ ಹತ್ತಿ, ಅಲ್ಲಿಂದ ಕಾಲು ದಾಟಿಸಿ ಕುಳಿತೆ. ಓಣಿಯ ಮಂದಿಯ ಎದುರಿಗೆ ಗುಡುಗುಡು ಸದ್ದು ಮಾಡುತ್ತ ಹೊರಟೆ. ತಿರುಗಿ ಬಂದಾಗ ಗೊತ್ತಾಯಿತು, ಕಟ್ಟೆಯ ಮೇಲೆ ನಮ್ಮ ಎದುರು ಮನೆಯ ಅಜ್ಜನವರು ಕುಳಿತಿದ್ದಾರೆ. ಕಟ್ಟೆ ಬಿಟ್ಟು ಬೇರೆಲ್ಲಿ ನಿಲ್ಲಿಸಿದರೂ ನನ್ನ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಅಜ್ಜನವರು ಏಳಲಿ ಎಂದು ಓಣಿಯನ್ನು ನಾಲ್ಕು ಸುತ್ತು ಹಾಕಿದೆ. ಅವರೋ ಪ್ರತಿ ಸುತ್ತಿಗೂ ಕೈ ಎತ್ತಿ ಶಾಬಾಸ್ ಎನ್ನುತ್ತಿದ್ದರು.

ಐದನೇ ಸುತ್ತಿಗೆ ಹೆಂಡತಿಯೇ ಅವರನ್ನು ಚಹಾಕ್ಕೆ ಕರೆದು ಎಬ್ಬಿಸಿದಳು. ನಾನು ಇಳಿದ ಮೇಲೆ ಹೇಳಿದಳು, "ಇನ್ನ ಮ್ಯಾಲೆ ಕಟ್ಟಿ ಇರೋ ಊರಿಗಷ್ಟ ಹೋಗ್ರಿ."

ಮೊದಲೇ ಕಟ್ಟಿಕೊಂಡ ಪಟ್ಟಿ

ಶರತ್ತು ಇದ್ದಮೇಲೆ ಎಚ್ಚರಿಕೆಯೂ ಬೇಕು. ಎದೆಗೆ, ಬೆನ್ನಿಗೆ, ಮೊಣಕೈಗೆ, ಮೊಣಕಾಲಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚಗಳನ್ನು ತರಿಸಿ ಬಿಗಿದುಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡಾಗ ಸೈನ್ಯಕ್ಕೆ ಹೊರಟ ಹಾಗೆ ಕಂಡಿತು. ಅದೇ ವೇಷದಲ್ಲಿ ಐರಣಿಗೆ ಹೋಗಿ, ಹೊಳೆಯ ದಂಡೆಯ ಮರಳಿನಲ್ಲಿ ಒಂದು ತಾಸು ಬೈಕು ಆಡಿಸಿ, ಒಮ್ಮೆಯೂ ಬೀಳದೆ ಊರೊಳಗಿನ ಚಹಾದ ಅಂಗಡಿಗೆ ಬಂದೆ. ನನ್ನ ಪುಣ್ಯ, ಅಲ್ಲೂ ಕಟ್ಟೆ ಇತ್ತು.

ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನನ್ನ ಕೈಕಾಲು ಮುಟ್ಟಿ ನೋಡಿ ಲೊಚಗುಟ್ಟಿದಳು.

"ಅಯ್ಯ ನನ್ನಪ್ಪಾ, ಎಲ್ಲಿ ಬಿದ್ದಿ? ಒಂದ ಎಲಬೂ ಉಳದಿಲ್ಲಲ್ಲೋ!"

"ಬಿದ್ದಿಲ್ಲಬೇ. ಬಿದ್ರ ಪೆಟ್ಟಾಗಬಾರದು ಅಂತ ಹಾಕ್ಕೊಂಡೇನಿ."

"ಎಲ್ಲಾರೂ ಬಿದ್ದ ಮ್ಯಾಲೆ ಕಟಗೋತಾರ. ನೀ ಮೊದಲ ಕಟಗೊಂಡು ಬೀಳಾಕ ಹೊಂಟೀಯೇನು?"

ಅಂಗಡಿಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಚಹಾ ಮುಗಿಸಿ, ನನ್ನ ಕೈಚಳಕ ತೋರಿಸಬೇಕೆಂದು ಗಕ್ಕನೆ ಬೈಕು ತಿರುಗಿಸಿದೆ. ಯಾರೋ ಆಗತಾನೆ ಲೋಟ ತೊಳೆದು ನೀರು ಚೆಲ್ಲಿದ್ದರು. ಮುಂದಿನ ಗಾಲಿ ಜಾರಿ, ಬೈಕು ಒಂದು ಕಡೆ ನಾನೊಂದು ಕಡೆ. ಕವಚಗಳ ದಯೆಯಿಂದ ಒಂದು ತರಚುಗಾಯವೂ ಇಲ್ಲ.

ಮುದುಕಿ ಸಮಾಧಾನದಿಂದ ತಲೆಯಾಡಿಸಿದಳು. "ಹಾಂ, ಈಗ ಸರಿ ಆತು ನೋಡು. ಕಟಗೊಂಡಿದ್ದಕ್ಕ ಒಂದು ಅರ್ಥ ಬಂತು."

ಗಾಲಿ ಕಾಣದ ಗಾಡಿ

ಗಳಗನಾಥದ ಹತ್ತಿರ ವರದೆ ತುಂಗಭದ್ರೆಯನ್ನು ಸೇರುವ ಜಾಗ ನೋಡಲು ಹೋದ ದಿನ ಹಿಂದಿನ ಸಂಜೆಯಷ್ಟೇ ಮಳೆಯಾಗಿತ್ತು. ನಮ್ಮ ಕಡೆಯ ಎರೆ ಮಣ್ಣು ಹಸಿಯಾದಾಗ ಅದರಲ್ಲಿ ಎತ್ತು ಕೂಡ ವಿಚಾರ ಮಾಡಿ ಕಾಲಿಡುತ್ತದೆ. ಬೀಜ ಮಾರುವವನಿಗೆ ಅಷ್ಟು ಗೊತ್ತಿರಬೇಕಿತ್ತು. ಹೊಲದ ದಾರಿಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಗಾಲಿಗೆ ಮೆತ್ತಿ ಮೆತ್ತಿ, ಗಾಲಿ ಕಾಣದಂತಾಗಿ, ಬೈಕು ನಿಧಾನವಾಗಿ ಮಗ್ಗುಲಾಯಿತು. ಅದರಡಿ ನನ್ನ ಒಂದು ಕಾಲು ಕೆಸರಿನಲ್ಲಿ ಹೂತುಹೋಯಿತು. ನೋವಿಲ್ಲ, ಆದರೆ ಕಾಲು ಬಿಡಿಸಿಕೊಳ್ಳಲೂ ಆಗಲಿಲ್ಲ.

ಹೊಲದ ಯಜಮಾನ ಬಂದ. ನೋಡಿದರೆ ನನ್ನ ಗಿರಾಕಿ. ಓಡಿ ಬರಬೇಕಾದವನು ನಿಧಾನವಾಗಿ ಬಂದು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತ.

"ಛಲೋ ಆತು ಸಾವ್ಕಾರ್ರ, ನೀವ ಸಿಕ್ಕಿರಿ. ಅಂಗಡ್ಯಾಗ ಗದ್ಲ ಇರ್ತೈತಿ, ಮಾತಾಡಾಕ ಆಗಾಂಗಿಲ್ಲ. ನೀವು ಕೊಟ್ಟ ಸೌತಿ ಬೀಜ ಅರ್ಧಾನೂ ಹುಟ್ಟಿಲ್ಲ."

"ಮೊದಲ ಗಾಡಿ ಎತ್ತೋ ಮಾರಾಯಾ!"

"ಎತ್ತೋಣಂತ. ನೀವೇನು ಎಲ್ಲಿ ಹೋಗ್ತೀರಿ? ಬೀಜದ್ದು ಏನ್ ಮಾಡ್ತೀರಿ ಹೇಳ್ರಿ."

ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ, ಬಿತ್ತಿದ ಆಳ ಹೆಚ್ಚಾಯಿತು, ನೀರು ಕಡಿಮೆಯಾಯಿತು ಎಂದು ನಾನು ಎಷ್ಟು ಮಂದಿಗೆ ಹೇಳಿಲ್ಲ! ಅವತ್ತು ಕೆಸರಿನಲ್ಲಿ ಮಲಗಿಕೊಂಡೇ ಹೊಸ ಪಾಕೀಟು ಕೊಡುತ್ತೇನೆಂದು ಒಪ್ಪಿಕೊಂಡೆ. ಅವನು ಎತ್ತುಗಳನ್ನು ತಂದು ಹಗ್ಗ ಕಟ್ಟಿ ಬೈಕನ್ನೆಳೆಸಿದ. ಎಳೆಸುತ್ತಲೇ ನನ್ನ ಮನೆಗೆ ಫೋನೂ ಮಾಡಿದ. "ಅಕ್ಕಾರ, ಘಾಬ್ರಿ ಆಗಬ್ಯಾಡ್ರಿ. ಸಾವ್ಕಾರ್ರು ಆರಾಮ ಅದಾರ, ಎತ್ತು ಎಳ್ಯಾಕತ್ತಾವ."

ಮಣ್ಣು ಕೆರೆದು, ನಾನೇ ಬೈಕು ಹೊಡೆದುಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ತೀರ್ಪು ಕೊಟ್ಟಳು, "ಎತ್ತಿಗೆ ಗಾಲಿ ಇಲ್ಲ, ಹಂಗಾಗಿ ಈ ಸಲ ಮಾಫಿ. ಪಾಪ, ಎತ್ತುಗೋಳಿಗರ ಏನರ ತಿನ್ನಾಕ ಕೊಟ್ಟು ಬಂದ್ರೋ ಇಲ್ಲೋ?"

ಮಾರ್ಕೆಟ್ಟಿನಲ್ಲಿ ಸೀನು

ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ. ಅಲ್ಲಿನ ಮೆಣಸಿನಕಾಯಿ ಮಾರ್ಕೆಟ್ಟಿನ ಘಾಟಿಗೆ ಹೊರಗಿನವರು ಸೀನುತ್ತಾರೆ, ಊರಿನವರು ಸೀನುವುದಿಲ್ಲ. ಇದು ನಮ್ಮ ಹೆಮ್ಮೆ. ಕೆಂಪು ಏರಿಗೆ ಹೋಗುವ ದಾರಿಯಲ್ಲಿ, ಹೊಸ ಗಾಡಿ ನಾಲ್ಕು ಮಂದಿಯ ಕಣ್ಣಿಗೆ ಬೀಳಲಿ ಎಂದು, ಬೇಕಂತಲೇ ಮಾರ್ಕೆಟ್ಟಿನೊಳಗಿಂದ ಹೊರಟೆ. ಚೀಲಗಳ ಸಾಲಿನ ನಡುವೆ ಮೂಗು ಕೆರೆಯತೊಡಗಿತು. ತಡೆದೆ. ತಡೆದಷ್ಟೂ ಹೆಚ್ಚಾಯಿತು. ಮುಖ ಪೂರಾ ಮುಚ್ಚುವ ಹೆಲ್ಮೆಟ್ಟಿನೊಳಗೆ ಒಂದರ ಮೇಲೊಂದು ಏಳು ಸೀನು ಬಂದವು. ಗಾಜಿನ ಆಚೆಗೆ ಜಗತ್ತೇ ಕಾಣದಾಯಿತು.

ಕುರುಡನಂತೆ ಕಾಲಿನಿಂದ ನೆಲ ತಡಕಾಡುತ್ತಿದ್ದಾಗ ಬೆನ್ನ ಮೇಲೆ ಚೀಲ ಹೊತ್ತಿದ್ದ ಹಮಾಲರಿಬ್ಬರು, "ಎಡಕ್ಕ ಬರ್ರಿ, ಹಾಂ, ಇನ್ನೂ ಎಡಕ್ಕ," ಎಂದು ದಾರಿ ಹೇಳಿ ಗೇಟಿನವರೆಗೆ ಬಿಟ್ಟರು. "ಯಾವ ಊರಿನವರ್ರಿ?" ಎಂದು ಕೇಳಿದರು.

"ಇದ ಊರಿನವ," ಎಂದು ಹೆಲ್ಮೆಟ್ ತೆಗೆದು ಎಂಟನೆಯದನ್ನು ಸೀನಿದೆ.

"ಹೇಳಬ್ಯಾಡ್ರಿ ಎಲ್ಲೂ," ಎಂದ ಒಬ್ಬ. "ಊರಿನ ಮರ್ಯಾದಿ ಹೋಗತೈತಿ."

ಗೆದ್ದ ಹೋರಿ

ಕೆಂಪು ಏರಿಗೆ ನಾಲ್ಕು ರವಿವಾರ ಹೋದೆ. ನಾಲ್ಕೂ ಸಲ ಹಳೆಯ ಕಥೆಯೇ. ಅರ್ಧಕ್ಕೆ ಬಂದದ್ದೇ ಕೈ ತಾನಾಗಿ ಎಕ್ಸಲೇಟರ್ ಬಿಡುತ್ತಿತ್ತು. ಊರಿನವರು ಏರಿನ ಬುಡದಲ್ಲಿ ಕುಳಿತು ನೋಡುತ್ತಿದ್ದರು. ಅವರಲ್ಲೊಬ್ಬ ಹೋರಿಯ ಮಾಲೀಕ, ಅವನೂ ನನ್ನ ಗಿರಾಕಿಯೇ.

ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿ ಹಬ್ಬ ಶುರು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಗಟ್ಟಿ ಆಳುಗಳು ಮೈಮೇಲೆ ಬಿದ್ದು ಆ ಕೊಬ್ಬರಿ ಹರಿಯಲು ನೋಡುತ್ತಾರೆ. ಒಂದೂ ಕೊಬ್ಬರಿ ಬಿಟ್ಟುಕೊಡದೆ ಓಡಿದರೆ ಹೋರಿ ಗೆದ್ದಂತೆ.

ಐದನೇ ರವಿವಾರ ಆ ಮಾಲೀಕ ನನ್ನ ಬಳಿ ಬಂದು ಹೇಳಿದ, "ಗಾಡಿದೇನೂ ತಪ್ಪಿಲ್ಲ ಸಾವ್ಕಾರ್ರ. ನಿಮಗ ಬೆನ್ನ ಹಿಂದ ಬರೋರ ಅಂಜಿಕಿ ಇಲ್ಲ, ಅದಕ್ಕ ಮುಂದಿನ ಏರಿಗೆ ಅಂಜತೀರಿ. ನಮ್ಮ ಹೋರಿನೂ ಹಂಗ ಇತ್ತು. ಕೊಬ್ಬರಿ ಕಟ್ಟಿದ ಮ್ಯಾಲೆ ಓಡಾಕ ಕಲೀತು."

ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಬೈಕಿನ ಹ್ಯಾಂಡಲಿಗೂ ನನ್ನ ಎದೆಯ ಕವಚಕ್ಕೂ ಸೇರಿ ಹನ್ನೊಂದು ಕೊಬ್ಬರಿ ಬಿದ್ದವು. ಏರಿನ ಎರಡೂ ಬದಿಗೆ ಹತ್ತು ಮಂದಿ ಪೈಲವಾನರು ತೋಳು ತಟ್ಟಿಕೊಂಡು ನಿಂತರು. ಹಬ್ಬದ ಮೈಕು ಬೇರೆ ಬಂತು. "ಬಂತು ನೋಡ್ರಿ, ರಾಣೆಬೆನ್ನೂರ ಗುಡುಗು! ಕೊಬ್ಬರಿ ಬಿಡಬ್ಯಾಡ್ರಪಾ!"

ಇವರು ಕೈ ಹಾಕಿದರೆ ಬೀಳುತ್ತೇನೆ, ಬಿದ್ದರೆ ಟ್ರ್ಯಾಕ್ಟರಿನಲ್ಲಿ ಮನೆಗೆ ಒಯ್ಯುತ್ತಾರೆ, ಒಯ್ದರೆ ಬೈಕು ಹೋಯಿತು. ಇಷ್ಟೇ ತಲೆಯಲ್ಲಿತ್ತು. ಸರಿಯಾಗಿ ಅರ್ಧದಲ್ಲಿ, ನಾನು ಯಾವಾಗಲೂ ಕೈ ಬಿಡುವ ಜಾಗದಲ್ಲೇ, ಇಬ್ಬರು ಹೋ ಎಂದು ನುಗ್ಗಿ ಬಂದರು. ಜೀವಮಾನದಲ್ಲಿ ಮೊದಲ ಸಲ ಆ ಜಾಗದಲ್ಲಿ ಎಕ್ಸಲೇಟರನ್ನು ಪೂರಾ ತಿರುವಿದೆ. ಬೈಕು ಕೂಗಿತು, ನಾನೂ ಕೂಗಿದೆ. ಸ್ವಲ್ಪ ಹೊತ್ತು ಬರೀ ಆಕಾಶ ಕಂಡಿತು. ಆಮೇಲೆ ನೆಲ ಸಪಾಟಾಯಿತು.

ಮೇಲೆ ಒಂದು ಬಂಡೆಯ ಮಗ್ಗುಲಿಗೆ ನಿಲ್ಲಿಸಿ ಕೊಬ್ಬರಿ ಎಣಿಸಿದೆ. ಹನ್ನೊಂದಕ್ಕೆ ಹನ್ನೊಂದೂ ಇದ್ದವು. ಕೆಳಗೆ ಊರು, ದೂರದಲ್ಲಿ ಬ್ಯಾಡಗಿಯ ಕಡೆ ಹೋಗುವ ರೈಲು. ಮುಚ್ಚಿಡುವುದೇನು, ಹೆಮ್ಮೆಯಿಂದ ಹೆಲ್ಮೆಟ್ಟಿನೊಳಗೇ ಎರಡು ಹನಿ ಅತ್ತೆ.

ಹಿಂದಿನ ಸುತ್ತುದಾರಿಯಿಂದ ಇಳಿದು ಬಂದರೆ ಹಲಗೆ ಬಾರಿಸುತ್ತ ಊರಿಗೆ ಊರೇ ನಿಂತಿತ್ತು. ಜೊತೆಗೆ ಟ್ರ್ಯಾಕ್ಟರೂ ನಿಂತಿತ್ತು. ನಾನು ಏನಾಗುತ್ತಿದೆ ಎಂದು ಕೇಳುವಷ್ಟರಲ್ಲಿ ಹತ್ತೂ ಪೈಲವಾನರು ನನ್ನನ್ನು ಬೈಕಿನ ಸಮೇತ ಎತ್ತಿ ಟ್ರೇಲರಿನಲ್ಲಿಟ್ಟು ಹಗ್ಗ ಬಿಗಿದರು.

"ಬ್ಯಾಡ್ರೋ! ನಾ ಹೊಡಕೊಂಡ ಹೋಗಬೇಕು! ಮನ್ಯಾಗ ಶರತ್ತೈತಿ!" ಎಂದು ಒದರಿದೆ.

"ಗೆದ್ದ ಹೋರಿ ನಡಕೊಂತ ಮನಿಗೆ ಹೋಗತೈತೇನ್ರಿ? ನಮ್ಮೂರಿಗೆ ಅವಮಾನ," ಎಂದ ಮಾಲೀಕ. ಹಲಗೆಯ ಸದ್ದಿನಲ್ಲಿ ನನ್ನ ಮಾತು ಮುಳುಗಿತು. ಬೀಳದೆ, ಗೆದ್ದು, ಬೇರೆಯವರ ಗಾಡಿಯಲ್ಲಿ ಮನೆಗೆ ಹೊರಟೆ. ದಾರಿಯುದ್ದಕ್ಕೂ ಮಂದಿ ಕೈ ಬೀಸಿದರು. ನಾನು ಬೈಕಿನ ಪೆಟ್ರೋಲ್ ಟಾಕಿ ಸವರುತ್ತ ಅದಕ್ಕೆ ಮನಸ್ಸಿನಲ್ಲೇ ಕಡೆಯ ಶರಣು ಹೇಳುತ್ತಿದ್ದೆ.

ನಮ್ಮ ಓಣಿಯಲ್ಲಿ ಟ್ರೇಲರನ್ನು ಸರಿಯಾಗಿ ಕಟ್ಟೆಗೆ ತಂದು ಹಚ್ಚಿದರು. ಹೆಂಡತಿ ಹೊರಗೆ ಬಂದಳು. ಹಲಗೆ ನಿಂತಿತು. ಅವಳು ಟ್ರ್ಯಾಕ್ಟರ್ ನೋಡಿದಳು, ನನ್ನನ್ನು ನೋಡಿದಳು, ಕೊಬ್ಬರಿಗಳನ್ನು ಒಂದೊಂದಾಗಿ ಎಣಿಸಿದಳು. ಒಳಗೆ ಹೋದಳು. ಬೈಕಿನ ಕಾಗದಪತ್ರ ತರಲು ಹೋದಳೆಂದೇ ತಿಳಿದೆ. ಆರತಿ ತಾಟು ಹಿಡಿದುಕೊಂಡು ಬಂದಳು! ಬೈಕಿನ ಲೈಟಿಗೆ ಕುಂಕುಮ ಹಚ್ಚಿ, ನನ್ನನ್ನು ಪೂರಾ ಬಿಟ್ಟು, ಬೈಕಿಗಷ್ಟೇ ಆರತಿ ಬೆಳಗಿದಳು.

"ಹಂಗಾರ ಇದನ್ನ ಮಾರಾಂಗಿಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಗೆದ್ದ ಹೋರಿನ ಯಾರರ ಮಾರ್ತಾರೇನ್ರಿ?" ಎಂದಳು. ನನ್ನ ಜೀವ ತಿರುಗಿ ಬಂತು. ಅಷ್ಟರಲ್ಲಿ ಅವಳು ಮಂದಿಯ ಕಡೆ ತಿರುಗಿದಳು. "ಆದ್ರ ಶರತ್ತು ಅಂದ್ರ ಶರತ್ತು. ಒಂದನ್ನ ಮಾರಾಕಬೇಕು. ಇವ್ರನ್ನ ಮಾರತೇನಿ, ಯಾರರ ತಗೋತೀರೇನು?"

ಹೋರಿಯ ಮಾಲೀಕ ಮುಂದೆ ಬಂದು ನನ್ನನ್ನು ಟ್ರೇಲರಿನಿಂದ ಕಟ್ಟೆಗೆ ಇಳಿಸಿದ. ಜಾನುವಾರು ಸಂತೆಯಲ್ಲಿ ನೋಡುವ ಹಾಗೆ ನನ್ನ ಸುತ್ತ ಒಂದು ಸುತ್ತು ಹಾಕಿದ, ಬೆನ್ನ ಮೇಲೆ ಚಪ್ಪರಿಸಿದ. "ಬಾಯಿ ತೆಗೀರಿ ಸಾವ್ಕಾರ್ರ," ಎಂದ. ಹೆಮ್ಮೆಯ ಅಮಲಿನಲ್ಲಿದ್ದ ನಾನು ಆಗಲಿ ಎಂದು ಬಾಯಿ ತೆಗೆದೆ. ಬಗ್ಗಿ ಹಲ್ಲು ನೋಡಿದ. ಆಮೇಲೆ ನನ್ನ ಹೆಂಡತಿಗೆ ಕೈ ಮುಗಿದು ಹೇಳಿದ, "ಭಾಳ ವಯಸ್ಸಾಗೇತ್ರಿ ಅಕ್ಕಾರ, ಸಂತ್ಯಾಗ ಇದನ್ನ ಯಾರೂ ಕೇಳಾಂಗಿಲ್ಲ. ಮನ್ಯಾಗ ಇಟಗೋರಿ. ಏರಿಗೆ ಮಾತ್ರ ಖರೇನ ಛಲೋ ಐತಿ."