ಹೇಡಿಸ್ ನಮ್ಮ ಕಡೆಯವನು

ನನಗೊಂದು ಚಟವಿದೆ. ಕನ್ನಡದವರು ಯಾರೇ ಸಿಗಲಿ, ಊರು, ಮನೆತನ, ತಾಯಿಯ ತವರು ಎಲ್ಲ ವಿಚಾರಿಸಿ, ದೂರದ್ದೊಂದು ನೆಂಟಸ್ತಿಕೆ ಹೊರಡಿಸದೆ ಬಿಡುವುದಿಲ್ಲ. ಟೋಕಿಯೋದಲ್ಲಿ ನಾವಿರುವ ನಿಶಿ ಕಸಾಯಿ ಬಡಾವಣೆಯ ದಿನಸಿ ಅಂಗಡಿಗೆ ತೊಗರಿಬೇಳೆಗೆಂದು ಹೋಗಿ, ಷಡ್ಡಕನ ಚಿಕ್ಕಮ್ಮನ ಮೊಮ್ಮಗನನ್ನು ಪತ್ತೆಹಚ್ಚಿ, ಬೇಳೆ ಮರೆತು ಬಂದದ್ದೂ ಉಂಟು. ಹಾಗಾಗಿ ಐದನೇ ಕ್ಲಾಸಿನ ಮಗಳು ಅನನ್ಯಾ ಗ್ರೀಕ್ ದೇವತೆಗಳ ವಂಶವೃಕ್ಷ ಬರೆಯಬೇಕು ಎಂದಾಗ, ಇದು ನನ್ನದೇ ಕೆಲಸ ಎಂದು ಕೂತೆ. ಶನಿವಾರ ಅವಳ ಜಪಾನೀ ಶಾಲೆಯಲ್ಲಿ ತಂದೆತಾಯಂದಿರು ತರಗತಿಯ ಹಿಂದೆ ನಿಂತು ಪಾಠ ನೋಡುವ ದಿನ. ಇಡೀ ತರಗತಿಗೆ ಇವಳೊಬ್ಬಳೇ ಹೊರದೇಶದವಳು. ಅಷ್ಟು ಜನರ ಮುಂದೆ ತಡವರಿಸಬಾರದು ಎಂಬುದೇ ಅವಳ ಚಿಂತೆ, ನನ್ನದೂ.

ಶುರುವಿನಲ್ಲೇ ಎಡವಿದೆ. ಮೊದಲಿಗಿದ್ದದ್ದು ಬರೀ ಶೂನ್ಯ. ಆಮೇಲೆ ಭೂತಾಯಿ ಗಾಯಾ. ಅವಳು ಗಂಡನಿಲ್ಲದೆಯೇ ಆಕಾಶದೇವ ಯುರೇನಸ್‌ನನ್ನು ಹೆತ್ತು, ಅವನನ್ನೇ ಗಂಡನನ್ನಾಗಿ ಮಾಡಿಕೊಂಡಳು. ಅವರ ಮಗ ಕ್ರೋನಸ್ ಒಡಹುಟ್ಟಿದ ರಿಯಾಳನ್ನು ಕಟ್ಟಿಕೊಂಡು, ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಾ ಹೋದ. ಹೇಗೋ ತಪ್ಪಿಸಿಕೊಂಡ ಕಿರಿಮಗ ಜೀಯಸ್, ಅವರನ್ನೆಲ್ಲ ಅಪ್ಪನ ಹೊಟ್ಟೆಯಿಂದ ಕಕ್ಕಿಸಿ, ಅವರಲ್ಲೇ ಹೀರಾ ಎಂಬ ಅಕ್ಕನನ್ನು ಮದುವೆಯಾದ. ಗೋತ್ರ ಕೇಳುವವರೇ ಇರಲಿಲ್ಲವೆಂದು ಕಾಣುತ್ತದೆ. ನಾನೆಳೆದ ಗೆರೆಗಳೆಲ್ಲ ಹೊರಟಲ್ಲಿಗೇ ಬಂದು ಸೇರುತ್ತಿದ್ದವು. ಟೋಕಿಯೋ ರೈಲುಗಳ ನಕ್ಷೆಯೇ ಎಷ್ಟೋ ವಾಸಿ.

ಕೊನೆಗೆ ಸಿಕ್ಕವನು ಪಾತಾಳದ ರಾಜ ಹೇಡಿಸ್. ಇವನು ಅಕ್ಕ ಡಿಮೀಟರಳ ಮಗಳು ಪರ್ಸೆಫೋನಿಯನ್ನು ಎತ್ತಿಕೊಂಡು ಹೋಗಿ ಮದುವೆಯಾದ.

"ಅಪ್ಪಾ, ದಿಸ್ ಈಸ್ ಸೋ ವಿಯರ್ಡ್," ಎಂದು ಅನನ್ಯಾ ಮುಖ ಕಿವುಚಿದಳು.

"ವಿಯರ್ಡ್ ಏನ್ ಬಂತು? ಸೋದರಮಾವ ಕಣೇ. ನಮ್ಮಲ್ಲಿ ನಡೆಯತ್ತೆ. ನಿಮ್ಮಮ್ಮ ಯಾರು ಅಂದ್ಕೊಂಡೆ? ನನ್ನ ಅಕ್ಕನ ಮಗಳು."

ಅವಳು ಮೊದಲ ಸಲ ಲೆಕ್ಕ ಹಾಕಿ ನನ್ನನ್ನು ನೋಡಿದಳು. ಅಕ್ಕಿ ತೊಳೆಯುತ್ತಿದ್ದ ಹೆಂಡತಿ ಸುಧಾ ಅಡುಗೆಮನೆಯಿಂದಲೇ, "ರೀ, ಹುಡುಗಿಯ ಅಪ್ಪ ಜೀಯಸ್ ಅಲ್ವಾ? ಹೇಡಿಸ್ ಅವನಿಗೆ ಅಣ್ಣ. ಅಂದ್ರೆ ಹುಡುಗಿಗೆ ದೊಡ್ಡಪ್ಪಾನೂ ಆದ. ಅಪ್ಪನ ಸಮಾನ, ನಡೆಯಲ್ಲ," ಎಂದಳು. ತಾಯಿಯ ಕಡೆಯಿಂದಲೇ ನೋಡಬೇಕೆಂದು ನಾನು ಅರ್ಧ ಗಂಟೆ ಹೇಡಿಸ್ ಪರ ವಾದಿಸಿದೆ. ಅವನ ಮದುವೆ ಮುರಿದರೆ ನನ್ನದೂ ಮುರಿದುಬಿದ್ದೀತು ಎಂಬಷ್ಟು ಆವೇಶ ಬಂದಿತ್ತು.

ಶನಿವಾರ ಅನನ್ಯಾ ವಂಶವೃಕ್ಷದ ಹಾಳೆಯನ್ನು ಬೋರ್ಡಿಗೆ ಅಂಟಿಸಿ, ಕಡ್ಡಿಯಿಂದ ತೋರಿಸುತ್ತಾ, ಒಂದು ಕಡೆಯೂ ತಡವರಿಸದೆ ಜಪಾನೀ ಭಾಷೆಯಲ್ಲಿ ಹೇಳುತ್ತಾ ಹೋದಳು. ನನ್ನ ಎದೆ ಉಬ್ಬಿತ್ತು. ಹೇಡಿಸ್ ಹತ್ತಿರ ಬಂದವಳು ಕಡ್ಡಿಯನ್ನು ಹಾಳೆಯಿಂದ ಎತ್ತಿ ನನ್ನತ್ತ ತೋರಿಸಿ, "ನಮ್ಮಪ್ಪನೂ ಹೀಗೇ. ನಮ್ಮಮ್ಮ ಅವರ ಅಕ್ಕನ ಮಗಳು," ಎಂದಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅಷ್ಟೇ ಸೌಜನ್ಯದಿಂದ ಮುಂದಕ್ಕೂ ತಿರುಗಿದವು. ನಾನು ಯಾರಿಗೆಂದಿಲ್ಲದೆ ಬಾಗಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿದೆ. ಟೀಚರ್ ತನಾಕಾ ಸಾನ್ ಮೆಲ್ಲಗೆ, "ಮಗಳು ಹೋದಳೆಂದು ಡಿಮೀಟರ್ ದುಃಖಿಸಿದಾಗ ಭೂಮಿಗೆ ಚಳಿಗಾಲ ಬಂತಂತೆ. ನಿನ್ನ ಅಜ್ಜಿ ಏನು ಮಾಡಿದರು?" ಎಂದು ಕೇಳಿದರು.

"ನಮ್ಮಜ್ಜಿ ಅಳುವುದಿಲ್ಲ. ದಿನಾ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಬೈಯುತ್ತಾರೆ."

ತರಗತಿ ನಕ್ಕಿತು, ಸುಧಾ ಎಲ್ಲರಿಗಿಂತ ಜೋರಾಗಿ. ಮಗಳು ಗೆದ್ದಳೆಂದು ನನಗೂ ಹಿತವೆನಿಸಿತು. ಅವಳು ಹೇಳಿದ್ದು ನಿಜವೇ. ಅಕ್ಕನಾಗಿ ಒಂದು ಸುತ್ತು, ಅತ್ತೆಯಾಗಿ ಇನ್ನೊಂದು ಸುತ್ತು ಬೈಸಿಕೊಂಡ ಮೇಲೇ ನನಗೆ ರಾತ್ರಿಯ ಊಟ. ಹೇಡಿಸ್ ಪುಣ್ಯವಂತ, ಪಾತಾಳದಲ್ಲಿ ಸಿಗ್ನಲ್ ಸಿಗುವುದಿಲ್ಲ.